ಫುತೋಮಾಕಿ

ಫುತೋಮಾಕಿ ಜಪಾನಿನ ದಪ್ಪ ಸುರುಳಿ ಸುಶಿ. ವಿನೆಗರ್, ಸಕ್ಕರೆ, ಉಪ್ಪು ಬೆರೆಸಿದ ಅನ್ನವನ್ನು ನೋರಿ ಎಂಬ ಕಡಲಪಾಚಿಯ ಹಾಳೆಯ ಮೇಲೆ ಹರಡುತ್ತಾರೆ. ನಡುವೆ ನಾಲ್ಕೈದರಿಂದ ಏಳೆಂಟು ಬಗೆಯ ಹೂರಣ ಜೋಡಿಸಿ, ಬಿದಿರುಕಡ್ಡಿಯ ಪುಟ್ಟ ಚಾಪೆಯಿಂದ ಸುತ್ತಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು ಬಡಿಸುತ್ತಾರೆ. ಬಿಲ್ಲೆಯ ಅಡ್ಡಳತೆ ಸಾಮಾನ್ಯವಾಗಿ 5 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು. ಸುಶಿ ಎಂದರೆ ಹಸಿ ಮೀನು ಎಂಬ ಎಣಿಕೆ ಜಪಾನಿನ ಹೊರಗೆ ಬಲವಾಗಿದ್ದರೂ ಸಾಂಪ್ರದಾಯಿಕ ಫುತೋಮಾಕಿಯಲ್ಲಿ ಹಸಿ ಮೀನಿಗೆ ಜಾಗವಿಲ್ಲ. ಅದರ ಮುಖ್ಯ ಸಾಮಗ್ರಿಗಳು ಒಣಗಿಸಿಟ್ಟ ಸೋರೆಕಾಯಿ, ಒಣ ಅಣಬೆ, ಮೊಟ್ಟೆ ಮತ್ತು ಸೊಪ್ಪು. ಸುಶಿ ಅಂಗಡಿಯ ಬಾಣಸಿಗನಷ್ಟೇ ಮನೆಯ ಹೆಂಗಸರ ಕೈಯಲ್ಲೂ ಇದು ಬೆಳೆದಿದೆ. ಹಬ್ಬ, ಮದುವೆ, ಶಾಲೆಯ ಕ್ರೀಡಾಕೂಟ, ಚೆರ್ರಿ ಹೂವಿನ ಕಾಲದ ವನಭೋಜನ ಮೊದಲಾದ ಸಂದರ್ಭಗಳಲ್ಲಿ ಬುತ್ತಿಯ ಪೆಟ್ಟಿಗೆಯಲ್ಲಿ ಇದು ಸಾಮಾನ್ಯ.

ಹೆಸರು ಮತ್ತು ಪ್ರಭೇದಗಳು

ಜಪಾನಿ ಭಾಷೆಯಲ್ಲಿ ಫುತೋ ಎಂದರೆ ದಪ್ಪ, ಮಾಕಿ ಎಂದರೆ ಸುತ್ತಿದ್ದು. ಸುತ್ತಿ ಮಾಡುವ ಎಲ್ಲ ಸುಶಿಗಳಿಗೂ ಮಾಕಿಜುಶಿ ಎಂಬುದು ಒಟ್ಟು ಹೆಸರು. ಅದರಲ್ಲಿ ಹೋಸೋಮಾಕಿ ತೆಳುವಾದದ್ದು. ಅರ್ಧ ಹಾಳೆ ನೋರಿ ಬಳಸಿ, ಒಂದೇ ಹೂರಣವಿಟ್ಟು, ಸುಮಾರು 2.5 ಸೆಂ.ಮೀ. ಅಡ್ಡಳತೆಗೆ ಸುತ್ತುತ್ತಾರೆ. ಸೌತೆಕಾಯಿ ಇಟ್ಟದ್ದು ಕಪ್ಪಾಮಾಕಿ, ಟ್ಯೂನಾ ಮೀನು ಇಟ್ಟದ್ದು ತೆಕ್ಕಾಮಾಕಿ. ಹೋಸೋಮಾಕಿ ಮತ್ತು ಫುತೋಮಾಕಿಯ ನಡುವಿನ ಗಾತ್ರದ್ದು ಚೂಮಾಕಿ. ತೆಮಾಕಿಯನ್ನು ಚಾಪೆಯ ಹಂಗಿಲ್ಲದೆ ಕೈಯಲ್ಲೇ ಶಂಕುವಿನ ಆಕಾರಕ್ಕೆ ಸುತ್ತುತ್ತಾರೆ. ಉರಾಮಾಕಿಯಲ್ಲಿ ಅನ್ನ ಹೊರಗೆ, ನೋರಿ ಒಳಗೆ. ಫುತೋಮಾಕಿಗೆ ಒಂದು ಪೂರ್ಣ ಹಾಳೆ ನೋರಿ ಬೇಕು. ಇನ್ನೂ ದಪ್ಪನೆಯ ಸುರುಳಿಗೆ ಎರಡು ಹಾಳೆಗಳ ಅಂಚನ್ನು ಅನ್ನದ ಅಗುಳುಗಳಿಂದ ಅಂಟಿಸಿ ಉದ್ದ ಮಾಡಿಕೊಳ್ಳುತ್ತಾರೆ. ನೋರಿಯ ಬದಲು ತೆಳುವಾಗಿ ಹುಯ್ದ ಮೊಟ್ಟೆಯ ಹಾಳೆಯಲ್ಲಿ ಸುತ್ತುವ ರೂಪಗಳೂ ಉಂಟು.

ಇತಿಹಾಸ

ಸುಶಿಯ ಮೂಲರೂಪ ಮೀನನ್ನು ಉಪ್ಪು ಮತ್ತು ಅನ್ನದ ನಡುವೆ ತಿಂಗಳುಗಟ್ಟಲೆ ಹುದುಗಿಸಿಡುವ ನಾರೆಜುಶಿ. ಅದರಲ್ಲಿ ಅನ್ನದ ಕೆಲಸ ಮೀನನ್ನು ಕೆಡದಂತೆ ಕಾಯುವುದಷ್ಟೇ ಆಗಿತ್ತು. ಎಡೋ ಕಾಲದಲ್ಲಿ (1603–1868) ಅನ್ನಕ್ಕೆ ನೇರವಾಗಿ ವಿನೆಗರ್ ಬೆರೆಸಿ ಹುಳಿ ತರುವ ಪದ್ಧತಿ ಹರಡಿತು. ಹುದುಗುವ ತನಕ ಕಾಯುವ ಅಗತ್ಯ ತಪ್ಪಿದಾಗ ಅನ್ನವೇ ಮುಖ್ಯ ತಿನಿಸಾಯಿತು. ಅದನ್ನು ಒತ್ತಿ, ಉಂಡೆ ಕಟ್ಟಿ, ಸುತ್ತಿ ಬಗೆಬಗೆಯ ಆಕಾರ ಕೊಡುವುದಕ್ಕೆ ದಾರಿಯಾಯಿತು.

ಇದೇ ಹೊತ್ತಿಗೆ ಎಡೋ ನಗರದ, ಅಂದರೆ ಇಂದಿನ ಟೋಕಿಯೋದ, ಕೊಲ್ಲಿಯಲ್ಲಿ ನೋರಿ ಬೆಳೆಸುವ ಕಸುಬು ನೆಲೆಯೂರಿತ್ತು. ಶಿನಾಗಾವಾ ಮತ್ತು ಓಮೋರಿ ಕರಾವಳಿಯ ಆಳವಿಲ್ಲದ ನೀರಿನಲ್ಲಿ ಕೊಂಬೆಗಳನ್ನು ನೆಟ್ಟು, ಅವಕ್ಕೆ ಅಂಟಿ ಬೆಳೆದ ಪಾಚಿಯನ್ನು ಕಿತ್ತು ತರುತ್ತಿದ್ದರು. ಅದನ್ನು ಕೊಚ್ಚಿ, ನೀರಿನಲ್ಲಿ ಕದಡಿ, ಕಾಗದ ತಯಾರಿಸುವ ಹಾಗೆಯೇ ಚೌಕಟ್ಟಿನಲ್ಲಿ ತೆಳುವಾಗಿ ಸೋಸಿ ಒಣಗಿಸುವ ವಿಧಾನ 18ನೆಯ ಶತಮಾನದಲ್ಲಿ ಬಳಕೆಗೆ ಬಂತು. ಈ ಹಾಳೆ ಅಸಾಕುಸಾ ನೋರಿ ಎಂದು ಹೆಸರಾಯಿತು. ಸುತ್ತಲು ಹಾಳೆ ಸಿಕ್ಕಿದ ಮೇಲೆ ಸುರುಳಿ ಸುಶಿ ಹುಟ್ಟಲು ತಡವಾಗಲಿಲ್ಲ. 1776ರಲ್ಲಿ ಪ್ರಕಟವಾದ ಶಿನ್ಸೆನ್ ಕೊಂದಾತೆ ಬುರುಯಿಶು ಎಂಬ ಅಡುಗೆ ಪುಸ್ತಕ ಇದನ್ನು ವಿವರಿಸುತ್ತದೆ. ಚಾಪೆಯ ಮೇಲೆ ನೋರಿಯನ್ನೋ ಫುಗು ಮೀನಿನ ಚರ್ಮವನ್ನೋ ಕಾಗದವನ್ನೋ ಹಾಸಿ, ಅನ್ನ ಹರಡಿ, ಮೀನು ಜೋಡಿಸಿ ಸುತ್ತುವ ಕ್ರಮ ಅದರಲ್ಲಿದೆ. ಹೊದಿಕೆ ಯಾವುದಿರಬೇಕು ಎಂಬುದು ಆಗಿನ್ನೂ ಖಚಿತವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ.

ಕಿತಾಗಾವಾ ಮೊರಿಸಾದಾ 1837ರಲ್ಲಿ ಬರೆಯತೊಡಗಿದ ಮೊರಿಸಾದಾ ಮಂಕೋ ಎಂಬ ಗ್ರಂಥ ಆ ಕಾಲದ ನಗರ ಜೀವನದ ವಿಸ್ತಾರವಾದ ದಾಖಲೆ. ಎಡೋದ ನೋರಿ ಸುರುಳಿಯಲ್ಲಿ ಒಣ ಸೋರೆಯ ಪಟ್ಟಿಯನ್ನು ಮಾತ್ರ ಇಡುತ್ತಿದ್ದರು ಎಂದು ಅದು ಹೇಳುತ್ತದೆ. ಪಶ್ಚಿಮದ ಕ್ಯೋತೋ-ಒಸಾಕಾ ಪ್ರದೇಶದಲ್ಲಾದರೋ ಹಲವು ಹೂರಣಗಳನ್ನು ಒಟ್ಟಿಗೆ ಸುತ್ತುವ ದಪ್ಪ ಸುರುಳಿ ರೂಢಿಯಾಯಿತು. ಇವತ್ತಿಗೂ ಒಸಾಕಾದ ಕಡೆ ಮಾಕಿಜುಶಿ ಎಂದರೆ ಮನಸ್ಸಿಗೆ ಮೊದಲು ಬರುವುದು ದಪ್ಪ ಸುರುಳಿ. ಟೋಕಿಯೋದ ಹಳೆಯ ಸುಶಿ ಅಂಗಡಿಗಳಲ್ಲಿ ನೋರಿಮಾಕಿ ಎಂದರೆ ಸೋರೆ ಇಟ್ಟ ತೆಳು ಸುರುಳಿ.

ಈ ವ್ಯತ್ಯಾಸಕ್ಕೆ ಒಸಾಕಾದ ವ್ಯಾಪಾರವೂ ಒಂದು ಕಾರಣ. ದೇಶದ ನಾನಾ ಕಡೆಯ ಸರಕು ಹಡಗುಗಳಲ್ಲಿ ಬಂದು ಇಳಿಯುತ್ತಿದ್ದ ಪೇಟೆ ಅದು. ಉತ್ತರದ ಹೊಕ್ಕಾಯ್ಡೋದ ಕೊಂಬು ಪಾಚಿಯಿಂದ ಹಿಡಿದು ಬೆಟ್ಟದ ಒಣ ಅಣಬೆಯವರೆಗೆ ಎಲ್ಲ ಒಣ ದಿನಸಿಯೂ ಅಲ್ಲಿ ಸಿಗುತ್ತಿತ್ತು. ಅವನ್ನು ನೆನೆಸಿ, ಸಾರಿನಲ್ಲಿ ಕುದಿಸಿ ರುಚಿ ಹಿಡಿಸುವುದು ಆ ಭಾಗದ ಅಡುಗೆಯ ಕೈಗುಣ. ಎಡೋದವರು ಎದುರಿನ ಕೊಲ್ಲಿಯ ತಾಜಾ ಮೀನನ್ನು ಅನ್ನದ ಉಂಡೆಯ ಮೇಲಿಟ್ಟು ನಿಗಿರಿ ಸುಶಿಯನ್ನು ಬೆಳೆಸಿದರು. ಒಸಾಕಾದವರು ಒತ್ತಿದ ಸುಶಿ ಮತ್ತು ದಪ್ಪ ಸುರುಳಿಯಲ್ಲಿ ಪಳಗಿದರು.

ನೋರಿ

ಜಪಾನಿನಲ್ಲಿ ನೋರಿಯ ಪೂರ್ಣ ಹಾಳೆಯ ಅಳತೆ 21 × 19 ಸೆಂ.ಮೀ. ಎಂದು ನಿಗದಿಯಾಗಿದೆ. ಫುತೋಮಾಕಿಯ ಗಾತ್ರ ಈ ಅಳತೆಯಿಂದಲೇ ನಿರ್ಧಾರವಾಗುತ್ತದೆ. 21 ಸೆಂ.ಮೀ. ಬದಿಯನ್ನು ಸುತ್ತುವ ದಿಕ್ಕಿಗೆ ಇಟ್ಟು, ಅಂಚುಗಳು ಒಂದರ ಮೇಲೊಂದು ಕೂರಲು ಸ್ವಲ್ಪ ಬಿಟ್ಟರೆ ಸಿಗುವ ಸುರುಳಿಯ ಅಡ್ಡಳತೆ ಹೆಚ್ಚೆಂದರೆ 6 ಸೆಂ.ಮೀ. ಹಾಳೆಯ ಒಂದು ಮಗ್ಗುಲು ನಯ, ಇನ್ನೊಂದು ತರಿ. ನಯವಾದದ್ದು ಹೊರಗೆ ಕಾಣಬೇಕು, ಅನ್ನ ತರಿ ಮಗ್ಗುಲಿಗೆ ಅಂಟಬೇಕು.

ನೋರಿಯ ಬೆಳೆ 20ನೆಯ ಶತಮಾನದ ಮಧ್ಯದವರೆಗೂ ಅದೃಷ್ಟದಾಟವಾಗಿತ್ತು. ಬೇಸಿಗೆಯಲ್ಲಿ ಪಾಚಿ ಕಣ್ಮರೆಯಾಗಿ ಚಳಿಗಾಲಕ್ಕೆ ಮತ್ತೆ ಹುಟ್ಟುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಅದು ಎಲ್ಲಿರುತ್ತದೆ ಎಂಬುದು ಬೆಳೆಗಾರರಿಗೆ ತಿಳಿದಿರಲಿಲ್ಲ. ಬ್ರಿಟನ್ನಿನ ಪಾಚಿ ವಿಜ್ಞಾನಿ ಕ್ಯಾಥ್ಲೀನ್ ಮೇರಿ ಡ್ರೂ-ಬೇಕರ್ 1949ರಲ್ಲಿ ಈ ಒಗಟು ಬಿಡಿಸಿದರು. ಅವರ ಸಂಶೋಧನೆ ನಡೆದದ್ದು ಬ್ರಿಟನ್ನಿನ ತೀರದಲ್ಲಿ ಬೆಳೆಯುವ, ನೋರಿಯ ಹತ್ತಿರದ ಬಂಧುವಾದ ಪಾಚಿಯ ಮೇಲೆ. ಅದು ತನ್ನ ಜೀವನಚಕ್ರದ ಒಂದು ಹಂತವನ್ನು ಕಪ್ಪೆಚಿಪ್ಪಿನೊಳಗೆ ಸೂಕ್ಷ್ಮ ಎಳೆಗಳ ರೂಪದಲ್ಲಿ ಕಳೆಯುತ್ತದೆ ಎಂದು ಅವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಈ ಸುದ್ದಿ ಕ್ಯೂಶು ವಿಶ್ವವಿದ್ಯಾಲಯದ ಸೋಕಿಚಿ ಸೆಗಾವಾ ಅವರಿಗೆ ತಲುಪಿತು. ಕುಮಾಮೊತೋ ಪ್ರಾಂತದ ಮೀನುಗಾರಿಕಾ ಸಂಶೋಧನಾ ಕೇಂದ್ರದ ಫುಸಾವೊ ಓತಾ ಚಿಪ್ಪುಗಳಲ್ಲಿ ಬೀಜಕಗಳನ್ನು ಬೆಳೆಸಿ ಬಲೆಗಳಿಗೆ ಹತ್ತಿಸುವ ಕೃತಕ ಬಿತ್ತನೆಯನ್ನು ರೂಪಿಸಿದರು. ಡ್ರೂ-ಬೇಕರ್ ಜಪಾನಿಗೆ ಒಮ್ಮೆಯೂ ಹೋದವರಲ್ಲ. ಈ ಕಾರ್ಯದಿಂದ ಅವರಿಗೆ ಹಣವೇನೂ ಬರಲಿಲ್ಲ. 1957ರಲ್ಲಿ ಅವರು ತೀರಿಕೊಂಡರು. 1963ರಲ್ಲಿ ಕುಮಾಮೊತೋದ ಉತೋ ಪಟ್ಟಣದಲ್ಲಿ, ಅರಿಯಾಕೆ ಸಮುದ್ರಕ್ಕೆ ಮುಖ ಮಾಡಿದ ಉದ್ಯಾನದಲ್ಲಿ ಅವರ ಸ್ಮಾರಕ ನಿಲ್ಲಿಸಲಾಯಿತು. ಪ್ರತಿವರ್ಷ ಏಪ್ರಿಲ್ 14ರಂದು ಬೆಳೆಗಾರರು ಅಲ್ಲಿ ಸೇರಿ ಗೌರವ ಸಲ್ಲಿಸುತ್ತಾರೆ.

ಕ್ಯೂಶು ದ್ವೀಪದ ಅರಿಯಾಕೆ ಸಮುದ್ರ ಇಂದು ನೋರಿಯ ಅತಿ ದೊಡ್ಡ ಕಣಜ. ಅಲ್ಲಿ ಉಬ್ಬರ ಇಳಿತಗಳ ವ್ಯತ್ಯಾಸ ಹೆಚ್ಚು. ಹಾಗಾಗಿ ಬಲೆಗಳು ದಿನವೂ ಕೆಲಹೊತ್ತು ನೀರಿನಿಂದ ಹೊರಗುಳಿದು ಬಿಸಿಲು ಕಾಣುತ್ತವೆ. ಅಲ್ಲಿನ ಪಾಚಿ ಮೆದುವಾಗಿ ಪರಿಮಳವಾಗಿರುವುದಕ್ಕೆ ಇದನ್ನೇ ಕಾರಣವೆನ್ನುತ್ತಾರೆ. 2022–23ರ ಹಂಗಾಮಿನಲ್ಲಿ ನೀರಿನಲ್ಲಿ ಪೋಷಕಾಂಶ ಕಡಿಮೆಯಾಗಿ ಅರಿಯಾಕೆಯ ಬೆಳೆ ತೀವ್ರವಾಗಿ ಕುಸಿಯಿತು. ಬಹುಕಾಲ ಮೊದಲ ಸ್ಥಾನದಲ್ಲಿದ್ದ ಸಾಗಾ ಪ್ರಾಂತವನ್ನು ಆ ವರ್ಷ ಹ್ಯೋಗೋ ಹಿಂದಿಕ್ಕಿತು.

ಅನ್ನ

ಫುತೋಮಾಕಿಗೆ ಬೇಕಾದದ್ದು ಜಪಾನಿನ ಗಿಡ್ಡ ಕಾಳಿನ ಅಂಟು ಗುಣದ ಅಕ್ಕಿ. ಅದನ್ನು ಊಟದ ಅನ್ನಕ್ಕಿಂತ ತುಸು ಗಟ್ಟಿಯಾಗಿ, ಕಡಿಮೆ ನೀರಿನಲ್ಲಿ ಬೇಯಿಸುತ್ತಾರೆ. ಅನ್ನದ ಜೊತೆ ಒಂದು ತುಂಡು ಕೊಂಬು ಪಾಚಿ ಹಾಕುವುದೂ ಉಂಟು. ಬೆಂದ ಅನ್ನವನ್ನು ಬಿಸಿಯಿರುವಾಗಲೇ ಹಂಗಿರಿ ಎಂಬ ಅಗಲ ಬಾಯಿಯ ಮರದ ತೊಟ್ಟಿಗೆ ಸುರಿದು, ಅಕ್ಕಿಯ ವಿನೆಗರಿನಲ್ಲಿ ಸಕ್ಕರೆ ಮತ್ತು ಉಪ್ಪು ಕರಗಿಸಿದ ಮಿಶ್ರಣವನ್ನು ಅದರ ಮೇಲೆ ಹರಡುತ್ತಾರೆ. ಬಳಿಕ ಮರದ ಸಟ್ಟುಗದ ಅಂಚಿನಿಂದ ಕೊಯ್ದಂತೆ ಕಲಸುತ್ತಾರೆ, ಅಗುಳು ಮುದ್ದೆಯಾಗಬಾರದು. ಜೊತೆಯಲ್ಲಿ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ಹಾಗೆ ಮಾಡಿದಾಗ ಮೇಲಿನ ತೇವ ಆರಿ ಅಗುಳಿಗೆ ಹೊಳಪು ಬರುತ್ತದೆ. ಅನ್ನ ಮೈಬಿಸಿಗೆ ಇಳಿದಾಗ ಸುತ್ತಲು ಹದ. ತೀರ ಬಿಸಿಯಿದ್ದರೆ ನೋರಿ ಆವಿ ಹೀರಿ ಮುದುಡುತ್ತದೆ, ತಣ್ಣಗಾದರೆ ಅಗುಳು ಒಂದಕ್ಕೊಂದು ಹಿಡಿಯುವುದಿಲ್ಲ. ಒಸಾಕಾ ಕಡೆಯ ಅನ್ನದಲ್ಲಿ ಸಿಹಿ ಮುಂದು. ಒಂದು ಸುರುಳಿಗೆ ಸುಮಾರು 200ರಿಂದ 250 ಗ್ರಾಂ ಅನ್ನ ಹಿಡಿಯುತ್ತದೆ.

ಹೂರಣ

ಸಾಂಪ್ರದಾಯಿಕ ಹೂರಣದಲ್ಲಿ ಮೊದಲ ಸ್ಥಾನ ಕಂಪ್ಯೋಗೆ. ಇದು ಯೂಗಾವೊ ಎಂಬ ಕಾಯಿಯ ತಿರುಳನ್ನು ಪಟ್ಟಿಯಾಗಿ ಹೆರೆದು ಒಣಗಿಸಿದ್ದು. ಸಸ್ಯಶಾಸ್ತ್ರದ ಪ್ರಕಾರ ಯೂಗಾವೊ ಮತ್ತು ನಮ್ಮ ಸೋರೆಕಾಯಿ ಒಂದೇ ಪ್ರಭೇದ. ಕಂಪ್ಯೋಗೆ ಬಳಸುವುದು ಕುಂಬಳದಂತೆ ದುಂಡಗೆ ಬೆಳೆಯುವ ತಳಿಯನ್ನು. ಜಪಾನಿನಲ್ಲಿ ಬೆಳೆಯುವ ಕಂಪ್ಯೋ ಬಹುತೇಕ ಎಲ್ಲವೂ ಟೋಕಿಯೋದ ಉತ್ತರಕ್ಕಿರುವ ತೋಚಿಗಿ ಪ್ರಾಂತದ್ದು. ಬೇಸಿಗೆಯಲ್ಲಿ ರೈತರು ನಸುಕಿಗೆ ಮೊದಲೇ ಎದ್ದು, ತಿರುಗುವ ಯಂತ್ರಕ್ಕೆ ಕಾಯಿ ಸಿಕ್ಕಿಸಿ, ಅಲಗು ಒತ್ತಿ ಉದ್ದುದ್ದ ಬಿಳಿ ಪಟ್ಟಿ ಹೆರೆಯುತ್ತಾರೆ. ಬಿಸಿಲೇರುವ ಹೊತ್ತಿಗೆ ಪಟ್ಟಿಗಳು ಗಳುಗಳ ಮೇಲೆ ನೇತಾಡುತ್ತಿರಬೇಕು.

ಈ ಬೆಳೆ ತೋಚಿಗಿಗೆ ಬಂದದ್ದು 1712ರಲ್ಲಿ. ಓಮಿ ಸೀಮೆಯ ಮಿನಾಕುಚಿಯ ಪಾಳೆಯಗಾರ ತೊರಿಯಿ ತಾದಾತೆರು ಅವರನ್ನು ಷೋಗುನನ ಸರ್ಕಾರ ತೋಚಿಗಿಯ ಮಿಬುಗೆ ವರ್ಗಾಯಿಸಿತು. ಹಳೆಯ ಸೀಮೆಯಿಂದ ಅವರು ಬೀಜ ತರಿಸಿ ಬಿತ್ತಿಸಿದರು. ಮಿನಾಕುಚಿ ಅದಕ್ಕೂ ಮುಂಚೆಯೇ ಕಂಪ್ಯೋಗೆ ಹೆಸರಾಗಿತ್ತು. ಚಿತ್ರಕಾರ ಹಿರೋಶಿಗೆ 1830ರ ದಶಕದಲ್ಲಿ ರಚಿಸಿದ ತೋಕಾಯಿದೋ ಹೆದ್ದಾರಿಯ ಮರದಚ್ಚಿನ ಚಿತ್ರಮಾಲೆಯಲ್ಲಿ ಮಿನಾಕುಚಿಯ ಹೆಂಗಸರು ಸೋರೆ ಹೆರೆದು ಹಗ್ಗಕ್ಕೆ ಹಾಕುವ ನೋಟವಿದೆ. ಈಗ ಜಪಾನಿನಲ್ಲಿ ಖರ್ಚಾಗುವ ಕಂಪ್ಯೋದ ಬಹುಭಾಗ ಚೀನಾದಿಂದ ಬರುತ್ತದೆ. ಹೆರೆಯುವ ದುಡಿಮೆಗೆ ಊರಿನಲ್ಲಿ ಕಿರಿಯರು ಸಿಗದಿರುವುದು ಇದಕ್ಕೆ ಒಂದು ಕಾರಣ.

ಒಣ ಪಟ್ಟಿಯನ್ನು ಉಪ್ಪು ಹಚ್ಚಿ ತಿಕ್ಕಿ, ತೊಳೆದು, ಉಗುರು ಊರಿದರೆ ಗುರುತು ಬೀಳುವಷ್ಟು ಬೇಯಿಸುತ್ತಾರೆ. ಆಮೇಲೆ ದಾಶಿ ಎಂಬ ಸಾರು, ಸೋಯಾ ಸಾಸ್, ಸಕ್ಕರೆ ಮತ್ತು ಮಿರಿನ್ ಎಂಬ ಸಿಹಿ ಮದ್ಯ ಹಾಕಿ, ರಸ ಬತ್ತುವ ತನಕ ಕುದಿಸುತ್ತಾರೆ. ಸಪ್ಪೆ ಸೋರೆ ಆಗ ಕಂದುಬಣ್ಣಕ್ಕೆ ತಿರುಗಿ, ಹಲ್ಲಿಗೆ ಸಿಕ್ಕರೂ ನಾರೆನಿಸದ ಸಿಹಿ-ಉಪ್ಪಿನ ಪಟ್ಟಿಯಾಗುತ್ತದೆ.

ಒಣ ಶೀಟಾಕೆ ಅಣಬೆಯನ್ನು ನೆನೆಸಿ, ನೆನೆದ ನೀರನ್ನು ಚೆಲ್ಲದೆ ಅದರಲ್ಲೇ ಬೇಯಿಸುತ್ತಾರೆ. ಕೋಯಾದೋಫು ಎಂಬುದು ಹೆಪ್ಪುಗಟ್ಟಿಸಿ ಒಣಗಿಸಿದ ತೋಫು. ಸಾರು ಹೀರಿ ಉಬ್ಬುವ ಈ ತುಂಡುಗಳು ಪಶ್ಚಿಮ ಜಪಾನಿನ ಸುರುಳಿಗಳಲ್ಲಿ ಸಾಮಾನ್ಯ. ಹಳದಿ ಬಣ್ಣಕ್ಕೆ ತಮಾಗೋಯಾಕಿ, ಅಂದರೆ ಚೌಕ ಬಾಣಲೆಯಲ್ಲಿ ಪದರ ಪದರವಾಗಿ ಮಡಚಿ ಬೇಯಿಸಿದ ಸಿಹಿ ಆಮ್ಲೆಟ್ಟಿನ ಉದ್ದ ತುಂಡು. ಹಸಿರಿಗೆ ಸೌತೆಕಾಯಿ, ಬೇಯಿಸಿ ಹಿಂಡಿದ ಪಾಲಕ್ ಅಥವಾ ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಮಿತ್ಸುಬಾ ಸೊಪ್ಪು. ಗುಲಾಬಿ ಬಣ್ಣಕ್ಕೆ ದೆನ್ಬು. ಬಿಳಿ ಮೀನನ್ನು ಬೇಯಿಸಿ, ಬಿಡಿಸಿ, ಸಕ್ಕರೆ ಹಾಕಿ ಪುಡಿಪುಡಿಯಾಗುವಂತೆ ಹುರಿದು ಬಣ್ಣ ಕೊಟ್ಟದ್ದು ಇದು. ಸೀಗಡಿಯಿಂದಲೂ ಇಂಥದ್ದನ್ನು ಮಾಡುತ್ತಾರೆ. ಸುಟ್ಟು ಸಾಸ್ ಸವರಿದ ಅನಾಗೋ ಎಂಬ ಹಾವುಮೀನು ಇದ್ದರೆ ಸುರುಳಿಯ ಬೆಲೆಯೂ ಏರುತ್ತದೆ.

ನೋರಿ, ಕಂಪ್ಯೋ, ಶೀಟಾಕೆ, ಕೋಯಾದೋಫು ನಾಲ್ಕೂ ತಿಂಗಳುಗಟ್ಟಲೆ ಕೆಡದೆ ಉಳಿಯುವ ಒಣ ಸರಕು. ಮೀನು ತಲುಪದ ಒಳನಾಡಿನ ಹಳ್ಳಿಯಲ್ಲೂ ಹಬ್ಬದ ದಿನ ಸುಶಿ ಮಾಡಲು ಸಾಧ್ಯವಾದದ್ದು ಇದರಿಂದಲೇ.

ಸುತ್ತುವ ಕ್ರಮ

ಸುತ್ತುವ ಚಾಪೆಯ ಹೆಸರು ಮಾಕಿಸು. ಬಿದಿರುಕಡ್ಡಿಗಳನ್ನು ಹತ್ತಿಯ ದಾರದಿಂದ ಹೆಣೆದ ಇದರ ಚಪ್ಪಟೆ ಮಗ್ಗುಲು ಮೇಲೆ ಬರುವಂತೆ ಹಾಸಿ, ಅದರ ಮೇಲೆ ನೋರಿ ಇಡುತ್ತಾರೆ. ಕೈಯನ್ನು ವಿನೆಗರ್ ಬೆರೆಸಿದ ನೀರಿನಲ್ಲಿ ಒದ್ದೆ ಮಾಡಿಕೊಂಡು, ಆಚೆ ತುದಿಯಲ್ಲಿ 2–3 ಸೆಂ.ಮೀ. ಖಾಲಿ ಬಿಟ್ಟು, ಉಳಿದೆಡೆಗೆ ಅನ್ನವನ್ನು ಸಮನಾಗಿ ಹರಡುತ್ತಾರೆ. ಅನ್ನವನ್ನು ಒತ್ತಬಾರದು, ಬೆರಳ ತುದಿಯಿಂದ ಸರಿಸಬೇಕು. ಅನ್ನದ ಆಚೆ ಅಂಚನ್ನು ಸಣ್ಣ ದಿಬ್ಬದಂತೆ ಎತ್ತರಿಸಿದರೆ ಹೂರಣ ಜಾರಿ ಹೋಗುವುದಿಲ್ಲ.

ಹೂರಣದ ರಸವನ್ನು ಮೊದಲೇ ಹಿಂಡಿರಬೇಕು. ಇಲ್ಲವಾದರೆ ನೋರಿ ಒದ್ದೆಯಾಗಿ ಬಿರಿಯುತ್ತದೆ. ಹೂರಣಗಳನ್ನು ಅನ್ನದ ನಡುಭಾಗದಲ್ಲಿ, ಸುರುಳಿಯ ಉದ್ದಕ್ಕೂ ಜೋಡಿಸುತ್ತಾರೆ. ಮೊಟ್ಟೆಯಂಥ ಗಟ್ಟಿ ತುಂಡು ಬದಿಗೆ ಆಸರೆಯಾಗಿ, ದೆನ್ಬುವಿನಂಥ ಪುಡಿ ಎರಡರ ಸಂದಿಗೆ. ಆಮೇಲೆ ಹೆಬ್ಬೆರಳುಗಳಿಂದ ಚಾಪೆಯ ಈಚೆ ಅಂಚನ್ನು ಎತ್ತಿ, ಉಳಿದ ಬೆರಳುಗಳಿಂದ ಹೂರಣವನ್ನು ಅದುಮಿಕೊಂಡು, ಅನ್ನದ ಈಚೆ ತುದಿ ಆಚೆ ತುದಿಯನ್ನು ಮುಟ್ಟುವಂತೆ ಒಮ್ಮೆಗೇ ಮಡಚುತ್ತಾರೆ. ಈ ಒಂದು ಚಲನೆಯಲ್ಲೇ ಸುರುಳಿಯ ಗತಿ ತೀರ್ಮಾನವಾಗುತ್ತದೆ. ಕೈ ಅನುಮಾನಿಸಿದರೆ ಹೂರಣ ನಡುವಿನಿಂದ ಜರುಗಿ, ಕೊಯ್ದಾಗ ಒಂದು ಪಕ್ಕಕ್ಕೆ ಕೂತಿರುತ್ತದೆ. ಚಾಪೆಯನ್ನು ತನ್ನ ಕಡೆಗೆ ಎಳೆದು ಬಿಗಿ ಮಾಡಿ, ಬಿಟ್ಟಿದ್ದ ನೋರಿಯ ಮೇಲೆ ಉರುಳಿಸಿ, ಅಂಟಿದ ಅಂಚು ಕೆಳಗೆ ಬರುವಂತೆ ಕೆಲವು ನಿಮಿಷ ಇಡುತ್ತಾರೆ. ನೋರಿ ಅನ್ನದ ತೇವ ಹೀರಿ ಮೆತ್ತಗಾದಾಗ ಜೋಡಣೆ ಗಟ್ಟಿಯಾಗುತ್ತದೆ.

ಕೊಯ್ಯುವಾಗ ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಪ್ರತಿ ಸಲವೂ ಒರೆಸಬೇಕು. ಮೇಲಿನಿಂದ ಒತ್ತದೆ, ಹಿಂದೆಮುಂದೆ ಎಳೆದು ಕೊಯ್ಯುತ್ತಾರೆ. ಮೊದಲು ನಡುವೆ, ಆಮೇಲೆ ಅರ್ಧದ ಅರ್ಧ, ಹೀಗೆ ಎಂಟು ಬಿಲ್ಲೆ ಮಾಡುವುದು ರೂಢಿ. ಒಳ್ಳೆಯ ಬಿಲ್ಲೆಯಲ್ಲಿ ಹೂರಣ ನಟ್ಟನಡುವೆ ಇದ್ದು, ಅನ್ನದ ಬಳೆ ಸುತ್ತಲೂ ಒಂದೇ ದಪ್ಪ ಇರಬೇಕು. ಬೇಯಿಸಿದ ಹೂರಣದಲ್ಲೇ ಉಪ್ಪು-ಸಿಹಿ ಇರುವುದರಿಂದ ಇದನ್ನು ಸೋಯಾ ಸಾಸಿಗೆ ಅದ್ದುವ ಅಗತ್ಯವಿಲ್ಲ. ಜೊತೆಗೆ ವಿನೆಗರಿನಲ್ಲಿ ನೆನೆಸಿದ ಶುಂಠಿಯ ಎಸಳು ಇರುತ್ತದೆ.

ಚಿಬಾದ ಚಿತ್ರ ಸುರುಳಿಗಳು

ಟೋಕಿಯೋದ ಪೂರ್ವಕ್ಕಿರುವ ಚಿಬಾ ಪ್ರಾಂತದ ಬೋಸೋ ಪರ್ಯಾಯ ದ್ವೀಪದಲ್ಲಿ ಫುತೋಮಾಕಿ ಒಂದು ಜನಪದ ಕಲೆಯಾಗಿ ಬೆಳೆದಿದೆ. ಇಲ್ಲಿನ ಫುತೋಮಾಕಿ ಮತ್ಸುರಿಜುಶಿ, ಅಂದರೆ ಹಬ್ಬದ ದಪ್ಪ ಸುರುಳಿ, ಕೊಯ್ದ ಮುಖದಲ್ಲಿ ಚಿತ್ರ ತೋರಿಸುತ್ತದೆ. ಗುಲಾಬಿ, ಕಮೇಲಿಯಾ, ಚೆರ್ರಿ ಹೂವು, ಚಿಟ್ಟೆ, ಬಸವನಹುಳು, ಮಂಗಳವನ್ನು ಸೂಚಿಸುವ ಚಿತ್ರಾಕ್ಷರಗಳು, ಹೀಗೆ ವಿನ್ಯಾಸಗಳು ಹಲವಾರು. ಹಿಂದೆ ಸಿಹಿ-ಉಪ್ಪಿನಲ್ಲಿ ಬೇಯಿಸಿದ ಕಂಪ್ಯೋ ಮತ್ತು ಒಣಗಿಸಿದ ಕೆಸುವಿನ ದಂಟು ಇದರ ಮುಖ್ಯ ಹೂರಣಗಳಾಗಿದ್ದವು. ಅನ್ನಕ್ಕೆ ಬಣ್ಣ ಕೊಡುವ ಕಲೆ ಹೆಚ್ಚಿದಂತೆ ಚಿತ್ರಗಳೂ ಹೆಚ್ಚಿದವು. ಸಾರ್ಡೀನ್ ಮೀನಿನ ಬೆನ್ನು ಹತ್ತಿ ಬಂದ ಕೀ ಸೀಮೆಯ ಬೆಸ್ತರ ಬುತ್ತಿಯೇ ಇದರ ಮೂಲ ಎಂಬ ಹೇಳಿಕೆಯೂ ಪ್ರಚಾರದಲ್ಲಿದೆ.

ಇವುಗಳಲ್ಲಿ ಪ್ರಸಿದ್ಧವಾದ ಶಿಕಾಯಿಮಾಕಿಯ ರಚನೆಯನ್ನು ನೋಡಿದರೆ ಕೆಲಸದ ಲೆಕ್ಕಾಚಾರ ತಿಳಿಯುತ್ತದೆ. ಮೊದಲು ಬಣ್ಣದ ಅನ್ನದಿಂದ ಒಂದರೊಳಗೊಂದು ವರ್ತುಲವಿರುವ ದುಂಡು ಸುರುಳಿ ಸುತ್ತುತ್ತಾರೆ. ಅದನ್ನು ಉದ್ದಕ್ಕೆ ನಾಲ್ಕು ಪಾಲು ಮಾಡುತ್ತಾರೆ. ಪ್ರತಿ ಪಾಲಿನ ಮೂಲೆ ಹೊರಕ್ಕೂ ಬಾಗಿದ ಬೆನ್ನು ಒಳಕ್ಕೂ ಬರುವಂತೆ, ಮೊಟ್ಟೆಯ ಚೌಕ ತುಂಡಿನ ಸುತ್ತ ನಾಲ್ಕನ್ನೂ ಕೂರಿಸಿ ಮತ್ತೊಂದು ನೋರಿಯಲ್ಲಿ ಸುತ್ತುತ್ತಾರೆ. ದುಂಡಗಿದ್ದದ್ದು ಚೌಕವಾಗುತ್ತದೆ. ನಾಲ್ಕು ಮೂಲೆಗಳಿಂದ ಅಲೆಗಳು ನಡುವಿನ ಹಳದಿ ಚೌಕದತ್ತ ಬರುವಂತೆ ಕಾಣುತ್ತವೆ. ನಾಲ್ಕು ಸಮುದ್ರ ಎಂಬ ಅರ್ಥದ ಹೆಸರು ಅದಕ್ಕೆ ಬಂದದ್ದು ಇದರಿಂದಲೇ. ಹೂವು ಪ್ರಾಣಿಗಳ ಚಿತ್ರಕ್ಕೆ ಎಸಳು, ದಂಟು, ಎಲೆಗಳನ್ನು ಬೇರೆಬೇರೆ ತೆಳು ಸುರುಳಿಗಳಾಗಿ ಮೊದಲು ಸುತ್ತಿಟ್ಟು, ಕೊನೆಯಲ್ಲಿ ಬಿಳಿ ಅನ್ನದ ನಡುವೆ ತಲೆಕೆಳಗಾಗಿಯೋ ಅಡ್ಡವಾಗಿಯೋ ಜೋಡಿಸುತ್ತಾರೆ. ಕೊಯ್ಯುವ ತನಕ ಚಿತ್ರ ಕಣ್ಣಿಗೆ ಬೀಳುವುದಿಲ್ಲ. ಮಾಡುವವರು ಅದನ್ನು ಮನಸ್ಸಿನಲ್ಲೇ ನೋಡಿಕೊಂಡು ಅನ್ನ ಅಳೆಯಬೇಕು.

ಈ ವಿದ್ಯೆ ಹಳ್ಳಿಗಳಲ್ಲಿ ಮದುವೆಯಂಥ ಶುಭಕಾರ್ಯಗಳಿಗೂ ಉತ್ತರಕ್ರಿಯೆಗೂ ನೆರೆಹೊರೆಯವರು ಸೇರಿ ಅಡುಗೆ ಮಾಡುತ್ತಿದ್ದ ರೂಢಿಯಿಂದ ಒಬ್ಬರಿಂದೊಬ್ಬರಿಗೆ ಬಂತು. ಜಪಾನಿನ ಕೃಷಿ, ಅರಣ್ಯ ಮತ್ತು ಮೀನುಗಾರಿಕಾ ಸಚಿವಾಲಯ 2007ರಲ್ಲಿ ಹಳ್ಳಿಗಾಡಿನ ನೂರು ಸ್ಥಳೀಯ ತಿನಿಸುಗಳ ಪಟ್ಟಿ ಮಾಡಿಸಿದಾಗ ಚಿಬಾದಿಂದ ದಪ್ಪ ಸುರುಳಿ ಸುಶಿ ಅದರಲ್ಲಿ ಸೇರಿತು.

ಎಹೋಮಾಕಿ

ಫುತೋಮಾಕಿ ಇಡೀ ಜಪಾನಿನಲ್ಲಿ ಒಂದೇ ದಿನ ರಾಶಿರಾಶಿಯಾಗಿ ಬಿಕರಿಯಾಗುವುದು ಸೆತ್ಸುಬುನ್ ಹಬ್ಬಕ್ಕೆ. ಇದು ಪಂಚಾಂಗದ ಪ್ರಕಾರ ವಸಂತ ಹುಟ್ಟುವ ಹಿಂದಿನ ದಿನ, ಸಾಮಾನ್ಯವಾಗಿ ಫೆಬ್ರವರಿ 3. 2021ರಲ್ಲಿ ಅದು ಫೆಬ್ರವರಿ 2ಕ್ಕೆ ಬಂತು. ಹಾಗೆ ಆದದ್ದು 124 ವರ್ಷಗಳ ಬಳಿಕ. ಆ ದಿನ ಹುರಿದ ಸೋಯಾ ಕಾಳು ಎರಚಿ ಪೀಡೆ ಓಡಿಸುವುದು ಹಳೆಯ ಆಚಾರ. ಹೊಸ ಆಚಾರವೆಂದರೆ ಆ ವರ್ಷದ ಶುಭ ದಿಕ್ಕಿಗೆ ಮುಖ ಮಾಡಿ, ಕೊಯ್ಯದ ಇಡೀ ಸುರುಳಿಯನ್ನು ತುದಿಯಿಂದ ಕಚ್ಚಿ, ಮಾತಾಡದೆ ತಿಂದು ಮುಗಿಸುವುದು. ಈ ಸುರುಳಿಗೆ ಎಹೋಮಾಕಿ ಎಂದು ಹೆಸರು. ಕೊಯ್ದರೆ ನಂಟು ಕಡಿಯುತ್ತದೆ, ನಡುವೆ ಮಾತಾಡಿದರೆ ಅದೃಷ್ಟ ಜಾರುತ್ತದೆ ಎಂಬ ನಂಬಿಕೆ. ಏಳು ಭಾಗ್ಯದೇವತೆಗಳ ಲೆಕ್ಕಕ್ಕೆ ಏಳು ಹೂರಣ ಇಡುತ್ತಾರೆ.

ಶುಭ ದಿಕ್ಕು ಯಾವುದೆಂಬುದು ಹತ್ತು ವರ್ಷಗಳ ಪಂಚಾಂಗ ಚಕ್ರವನ್ನು ಅವಲಂಬಿಸಿದೆ. ಇಸವಿಯ ಕೊನೆಯ ಅಂಕಿ 4 ಅಥವಾ 9 ಆಗಿದ್ದರೆ ಪೂರ್ವ-ಈಶಾನ್ಯ, 5 ಅಥವಾ 0 ಆಗಿದ್ದರೆ ಪಶ್ಚಿಮ-ನೈರುತ್ಯ, 2 ಅಥವಾ 7 ಆಗಿದ್ದರೆ ಉತ್ತರ-ವಾಯವ್ಯ. ಉಳಿದ 1, 3, 6, 8ಕ್ಕೆ ದಕ್ಷಿಣ-ಆಗ್ನೇಯ. ಹೀಗೆ ಇರುವುದು ನಾಲ್ಕೇ ದಿಕ್ಕು.

ಆಚರಣೆಯ ಮೂಲ ಒಸಾಕಾದ್ದು ಎಂಬುದು ಸಾಮಾನ್ಯ ಅಭಿಪ್ರಾಯ. ವ್ಯಾಪಾರಿಗಳ ಮನೆಗಳಲ್ಲಿ ಹುಟ್ಟಿತೋ ಗೆಯಿಷಾಗಳ ಬೀದಿಯಲ್ಲಿ ಹುಟ್ಟಿತೋ ಎಂಬುದಕ್ಕೆ ಹಲವು ಕತೆಗಳಿವೆ. 1932ರಲ್ಲಿ ಒಸಾಕಾದ ಸುಶಿ ವ್ಯಾಪಾರಿಗಳ ಸಂಘದ ಪರವಾಗಿ ಹಂಚಿದ ಜಾಹೀರಾತು ಹಾಳೆ ಉಳಿದುಬಂದಿದೆ. ಆಗ ಇದಕ್ಕೆ ಮಾರುಕಾಬುರಿ, ಅಂದರೆ ಇಡಿಯಾಗಿ ಕಚ್ಚುವುದು, ಎಂಬ ಹೆಸರಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತುಹೋದ ರೂಢಿಗೆ ವ್ಯಾಪಾರಿಗಳೇ ಮತ್ತೆ ಜೀವ ಕೊಟ್ಟರು. 1977ರಲ್ಲಿ ಒಸಾಕಾದ ನೋರಿ ಸಗಟು ವ್ಯಾಪಾರಿಗಳ ಸಹಕಾರ ಸಂಘ ದೋತೋನ್‌ಬೋರಿ ಬೀದಿಯಲ್ಲಿ ನಡೆಸಿದ ಪ್ರಚಾರವು ಪತ್ರಿಕೆಗಳ ಗಮನ ಸೆಳೆಯಿತು. 1989ರಲ್ಲಿ ಹಿರೋಶಿಮಾದ ಕೆಲವು ಸೆವೆನ್-ಇಲೆವೆನ್ ಅಂಗಡಿಗಳು ಎಹೋಮಾಕಿ ಎಂಬ ಹೆಸರಿನಲ್ಲಿ ಇದನ್ನು ಮಾರಿದವು. 1998ರಲ್ಲಿ ಆ ಮಳಿಗೆಗಳ ಮೂಲಕವೇ ದೇಶದುದ್ದಕ್ಕೂ ಹರಡಿತು. ಹಳೆಯದೆಂದು ಕಾಣುವ ಈ ಸಂಪ್ರದಾಯ ರಾಷ್ಟ್ರವ್ಯಾಪಿಯಾಗಿ ಮೂರು ದಶಕವೂ ಕಳೆದಿಲ್ಲ.

ಮಾರಾಟದ ಪೈಪೋಟಿಗೆ ಬೆಲೆಯೂ ತೆರಬೇಕಾಯಿತು. ಒಂದೇ ದಿನಕ್ಕೆಂದು ತಯಾರಿಸಿದ ಸುರುಳಿಗಳು ಮಾರನೆಯ ದಿನ ರಾಶಿರಾಶಿಯಾಗಿ ಕಸಕ್ಕೆ ಹೋಗುವ ಚಿತ್ರಗಳು ಜನರನ್ನು ಕೆರಳಿಸಿದವು. ಮಳಿಗೆಗಳ ಕೆಲಸಗಾರರಿಗೆ ಇಂತಿಷ್ಟು ಮಾರಲೇಬೇಕು ಎಂಬ ಒತ್ತಡ ಬೀಳುತ್ತಿದ್ದದ್ದೂ ಚರ್ಚೆಯಾಯಿತು. 2019ರ ಜನವರಿಯಲ್ಲಿ ಕೃಷಿ ಸಚಿವಾಲಯ ಬೇಡಿಕೆಗೆ ತಕ್ಕಷ್ಟೇ ತಯಾರಿಸುವಂತೆ ಚಿಲ್ಲರೆ ವ್ಯಾಪಾರಿಗಳ ಸಂಘಟನೆಗಳನ್ನು ಕೇಳಿಕೊಂಡಿತು. ಅಂದಿನಿಂದ ಮುಂಗಡ ಬೇಡಿಕೆಯ ಮೇಲೆ ಮಾರುವ ಪದ್ಧತಿ ಹೆಚ್ಚಿದೆ.

ಹೊಸ ರೂಪಗಳು ಮತ್ತು ಹೊರದೇಶಗಳು

1960ರ ದಶಕದಿಂದ ಹೂರಣದ ಪಟ್ಟಿ ಬದಲಾಗತೊಡಗಿತು. ಕ್ಯೂಶುವಿನ ಮಿಯಾಝಾಕಿ ನಗರದ ಇಪ್ಪೆಯಿ ಎಂಬ ಸುಶಿ ಅಂಗಡಿ 1966ರಲ್ಲಿ ಸೀಗಡಿ, ಲೆಟ್ಯೂಸ್ ಮತ್ತು ಮಯೋನೀಸ್ ಇಟ್ಟ ಸುರುಳಿಯನ್ನು ಹೊರತಂದಿತು. ಇಂದಿನ ಸಲಾಡ್ ಸುರುಳಿಗಳಿಗೆ ಅದನ್ನೇ ಮೂಲವೆಂದು ಹೇಳುತ್ತಾರೆ. ಟ್ಯೂನಾ, ಸಾಲ್ಮನ್, ಮೀನಿನ ಮೊಟ್ಟೆ ತುಂಬಿದ ಸಮುದ್ರಾಹಾರದ ಫುತೋಮಾಕಿ ಈಗ ಅಂಗಡಿಗಳಲ್ಲಿ ಸಾಮಾನ್ಯ.

ಅಮೆರಿಕದಲ್ಲಿ ಕಪ್ಪು ಹಾಳೆಯನ್ನು ತಿನ್ನಲು ಹಿಂಜರಿದ ಗಿರಾಕಿಗಳಿಗಾಗಿ ಅನ್ನವನ್ನು ಹೊರಗೂ ನೋರಿಯನ್ನು ಒಳಗೂ ಇಟ್ಟ ಕ್ಯಾಲಿಫೋರ್ನಿಯಾ ರೋಲ್ ಹುಟ್ಟಿತು. ಅದರಲ್ಲಿ ಏಡಿ ಮತ್ತು ಬೆಣ್ಣೆಹಣ್ಣು ಇರುತ್ತದೆ. ಇದರ ಹಿರಿಮೆಯನ್ನು ಲಾಸ್ ಏಂಜಲೀಸಿನ ಟೋಕಿಯೋ ಕೈಕಾನ್ ಹೋಟೆಲಿನ ಇಚಿರೋ ಮಶಿತಾ ಅವರಿಗೆ ಕೊಡುವವರಿದ್ದಾರೆ, ವ್ಯಾಂಕೂವರಿನ ಹಿದೆಕಾಝು ತೋಜೋ ಅವರಿಗೆ ಕೊಡುವವರೂ ಇದ್ದಾರೆ. ಕಬ್ಬಿನ ತೋಟಗಳ ಕೆಲಸಕ್ಕೆಂದು ಹವಾಯಿಗೆ ಹೋದ ಜಪಾನೀಯರ ಮನೆಗಳಲ್ಲಿ ಡಬ್ಬಿಯ ಟ್ಯೂನಾವನ್ನು ಸೋಯಾ-ಸಕ್ಕರೆಯಲ್ಲಿ ಬೇಯಿಸಿ ಇಡುವ ದಪ್ಪ ಸುರುಳಿ ಬೇರೂರಿತು. ಬ್ರೆಜಿಲ್ಲಿನವರು ಸುರುಳಿಗೆ ಹಿಟ್ಟಿನ ಲೇಪ ಕೊಟ್ಟು ಎಣ್ಣೆಯಲ್ಲಿ ಕರಿದು, ಹಾಟ್ ರೋಲ್ ಎಂದು ಹೆಸರಿಟ್ಟು ತಿನ್ನುತ್ತಾರೆ.

ಕೊರಿಯಾದ ಗಿಂಬಾಪ್ ನೋಡಲು ಫುತೋಮಾಕಿಯಂತೆಯೇ ಇದೆ. ಅದರ ಅನ್ನಕ್ಕೆ ವಿನೆಗರಿನ ಬದಲು ಉಪ್ಪು ಮತ್ತು ಎಳ್ಳೆಣ್ಣೆ ಹಾಕುತ್ತಾರೆ. ಹೂರಣದಲ್ಲಿ ಹಳದಿ ಮೂಲಂಗಿಯ ಉಪ್ಪಿನಕಾಯಿ, ಗಜ್ಜರಿ, ಮಾಂಸ ಇರುತ್ತವೆ. ಜಪಾನಿನ ಆಳ್ವಿಕೆಯ ಕಾಲದಲ್ಲಿ (1910–1945) ಅಲ್ಲಿಗೆ ಬಂದ ಸುರುಳಿ ಸುಶಿಯಿಂದ ಇದು ಬೆಳೆಯಿತೆಂದು ಕೆಲವರು, ಪಾಚಿಯಲ್ಲಿ ಅನ್ನ ಸುತ್ತುವ ಕೊರಿಯಾದ ಸ್ವಂತ ಪದ್ಧತಿಯಿಂದ ಬಂತೆಂದು ಕೆಲವರು ವಾದಿಸುತ್ತಾರೆ.

ಬಳಕೆ ಮತ್ತು ಸಂರಕ್ಷಣೆ

ಜಪಾನಿನಲ್ಲಿ ಫುತೋಮಾಕಿ ದುಬಾರಿ ನಿಗಿರಿ ಅಂಗಡಿಯ ಕಟ್ಟೆಗಿಂತ ಹೆಚ್ಚಾಗಿ ಸೂಪರ್ ಮಾರ್ಕೆಟ್ಟು, ಡಿಪಾರ್ಟ್‌ಮೆಂಟ್ ಸ್ಟೋರಿನ ನೆಲಮಾಳಿಗೆ ಮತ್ತು ರೈಲು ನಿಲ್ದಾಣದ ಬುತ್ತಿ ಅಂಗಡಿಗಳಲ್ಲಿ ಸಿಗುತ್ತದೆ. ಕರಿದ ತೋಫುವಿನ ಚೀಲದಲ್ಲಿ ಅನ್ನ ತುಂಬಿದ ಇನಾರಿಜುಶಿಯೊಂದಿಗೆ ಒಂದೇ ಪೆಟ್ಟಿಗೆಯಲ್ಲಿ ಇಟ್ಟರೆ ಅದು ಸುಕೆರೋಕು. 1713ರಲ್ಲಿ ಮೊದಲು ರಂಗಕ್ಕೆ ಬಂದ ಕಬುಕಿ ನಾಟಕದ ನಾಯಕನ ಹೆಸರನ್ನು ಈ ಜೋಡಿಗೆ ಇಟ್ಟಿದ್ದಾರೆ.

ವಿನೆಗರ್, ಸಕ್ಕರೆ, ಉಪ್ಪು ಮತ್ತು ಬೇಯಿಸಿದ ಹೂರಣ ಇರುವುದರಿಂದ ಸಾಂಪ್ರದಾಯಿಕ ಸುರುಳಿ ತಂಪಾದ ಜಾಗದಲ್ಲಿ ಒಂದು ದಿನ ತಡೆಯುತ್ತದೆ. ಫ್ರಿಜ್‌ನಲ್ಲಿಟ್ಟರೆ ಅನ್ನದ ಪಿಷ್ಟ ಗಟ್ಟಿಯಾಗಿ ಅಗುಳು ಒರಟಾಗುತ್ತದೆ. ಹಸಿ ಮೀನು ಅಥವಾ ಮಯೋನೀಸ್ ಇರುವ ಹೊಸ ಬಗೆಗಳಿಗೆ ಈ ಮಾತು ಅನ್ವಯಿಸದು. ಅವನ್ನು ತಣ್ಣಗಿಟ್ಟು, ಕೊಂಡ ಕೂಡಲೇ ತಿನ್ನಬೇಕು.

ಸಸ್ಯಾಹಾರಿಗಳು ಒಂದು ಅಂಶ ಗಮನಿಸಬೇಕು. ಹಸಿ ಮೀನು ಇಲ್ಲ ಎಂದ ಮಾತ್ರಕ್ಕೆ ಫುತೋಮಾಕಿ ಸಸ್ಯಾಹಾರವಾಗುವುದಿಲ್ಲ. ಮೊಟ್ಟೆ ಮತ್ತು ದೆನ್ಬು ಕಣ್ಣಿಗೆ ಕಾಣುತ್ತವೆ, ಆದರೆ ಸೋರೆ ಮತ್ತು ಅಣಬೆಯನ್ನು ಬೇಯಿಸುವ ದಾಶಿಯಲ್ಲಿ ಸಾಮಾನ್ಯವಾಗಿ ಒಣಗಿಸಿದ ಬೊನಿಟೋ ಮೀನು ಇರುತ್ತದೆ. ಬೌದ್ಧ ಮಠಗಳ ಅಡುಗೆಯಲ್ಲಿ ಅದರ ಬದಲು ಕೊಂಬು ಪಾಚಿ ಮತ್ತು ಒಣ ಶೀಟಾಕೆಯ ಸಾರು ಬಳಸುತ್ತಾರೆ. ಹೋಟೆಲಿನಲ್ಲಿ ತರಿಸುವವರು ಸಾರು ಯಾವುದರದೆಂದು ಕೇಳಿ ತಿಳಿದುಕೊಳ್ಳುವುದು ಲೇಸು. ಮನೆಯಲ್ಲಿ ಮಾಡುವವರು ಕೊಂಬು-ಶೀಟಾಕೆಯ ಸಾರಿನಲ್ಲಿ ಬೇಯಿಸಿದ ಸೋರೆ, ಅಣಬೆ, ತೋಫು, ಪಾಲಕ್ ಮತ್ತು ಸೌತೆಕಾಯಿ ಇಟ್ಟು ಸುತ್ತಿದರೆ ಸಾಂಪ್ರದಾಯಿಕ ರುಚಿಗೆ ಹೆಚ್ಚಿನ ಕೊರತೆಯಾಗುವುದಿಲ್ಲ.